ಸೂಪರ್‌ಹೀರೋ ಅಪ್ಪ-ಅಮ್ಮನೂ ‘ಬೇಡ’ ಅನ್ನೋದು ಯಾಕೆ?

ಓಡುವ ರೈಲನ್ನು ಎದೆಕೊಟ್ಟು ನಿಲ್ಲಿಸಬಲ್ಲ ಅಪ್ಪ. ವಿಮಾನ ಸಿಡಿದಾಗ ತಾನೇ ಪ್ಯಾರಾಶೂಟ್ ಆಗಿ ಮಕ್ಕಳನ್ನು ಕೆಳಗಿಳಿಸಬಲ್ಲ ಅಮ್ಮ. ಇಂಥವರ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆ ಕೇಳಿದ್ದಕ್ಕೆಲ್ಲ ‘ಹೂಂ’ ಅನ್ನೋ ಉತ್ತರವೇ ಸಿಗಬೇಕಲ್ವಾ? ಆದರೆ ಸಿನಿಮಾ, ಕಾಮಿಕ್ಸ್, ಅನಿಮೆ ಯಾವುದನ್ನೇ ತೆಗೆದುಕೊಳ್ಳಿ, ಅಲ್ಲಿ ಕಾಣೋದು ಇದರ ಉಲ್ಟಾ. ಊರನ್ನೇ ಉಳಿಸುವವರು ಸ್ವಂತ ಮಕ್ಕಳ ವಿಷಯಕ್ಕೆ ಬಂದರೆ ನಮ್ಮ ನಿಮ್ಮ ಮನೆಯವರಿಗಿಂತ ಹೆಚ್ಚು ಹೆದರುತ್ತಾರೆ. ‘ಬೇಡ’, ‘ಇನ್ನೂ ಟೈಮ್ ಇದೆ’, ‘ನಿನಗೆ ಗೊತ್ತಾಗಲ್ಲ ಸುಮ್ನಿರು’. ಡೈಲಾಗ್ ಕೂಡ ಅದೇ.

ಇದನ್ನು ಪ್ರೀತಿ ಜಾಸ್ತಿ, ಅದಕ್ಕೇ ಭಯ ಜಾಸ್ತಿ ಅಂತ ಒಂದೇ ಸಾಲಲ್ಲಿ ಮುಗಿಸಬಹುದು. ಆದರೆ ಅದು ಪೂರ್ತಿ ಉತ್ತರ ಅಲ್ಲ. ಪ್ರೀತಿ ಎಲ್ಲರಿಗೂ ಇದೆ. ಆದರೂ ಒಬ್ಬರು ಮಕ್ಕಳನ್ನು ಕಟ್ಟಿಹಾಕುತ್ತಾರೆ, ಇನ್ನೊಬ್ಬರು ಕೈಹಿಡಿದು ಕಲಿಸುತ್ತಾರೆ. ಒಬ್ಬಳೇ ಅಮ್ಮ ಒಂದೇ ಸಿನಿಮಾದ ಮೊದಲಲ್ಲಿ ಒಂದು ಥರ, ಕೊನೆಯಲ್ಲಿ ಇನ್ನೊಂದು ಥರ ಇರುತ್ತಾಳೆ. ಹಾಗಾದರೆ ಬದಲಾಗಿದ್ದು ಪ್ರೀತಿ ಅಲ್ಲ, ಬೇರೆ ಏನೋ. ಆ ‘ಬೇರೆ ಏನೋ’ದಲ್ಲಿ ಮುಖ್ಯವಾದವು ಎರಡು: ಅನುಭವ ಮತ್ತು ಬೆಂಬಲ. ಈ ಲೇಖನದಲ್ಲಿ ಇವೆರಡೂ ಸೇರಿ ಹೇಗೆ ಕೆಲಸ ಮಾಡುತ್ತವೆ ಅಂತ ಕೆಲವು ಉದಾಹರಣೆಗಳ ಮೂಲಕ ನೋಡೋಣ.

ಒಂದು ಎಚ್ಚರಿಕೆ: ಮುಂದೆ ಸ್ಪಾಯ್ಲರ್‌ಗಳು ಧಾರಾಳವಾಗಿವೆ.

ಸೇಫ್ಟಿ ಫ್ಯಾಕ್ಟರ್ ಅನ್ನೋ ‘ಬೇಡ’

ಮೆಕ್ಯಾನಿಕಲ್, ಸಿವಿಲ್ ಗೆಳೆಯರಿಗೆ ಇದು ಹಳೇ ಪಾಠ. ಒಂದು ಭಾಗ ಎಷ್ಟು ಭಾರ ತಡೆಯಬೇಕೋ ಅದಕ್ಕಿಂತ ಹೆಚ್ಚು ತಡೆಯುವಂತೆ ವಿನ್ಯಾಸ ಮಾಡುತ್ತೇವೆ. ಎಷ್ಟು ಪಟ್ಟು ಹೆಚ್ಚು ಅನ್ನೋದೇ ಸೇಫ್ಟಿ ಫ್ಯಾಕ್ಟರ್. ಲೋಡ್ ಎಷ್ಟು ಬರುತ್ತೆ ಅಂತ ಸರಿಯಾಗಿ ಗೊತ್ತಿಲ್ಲ, ವಸ್ತುವಿನ ಗುಣ ಗೊತ್ತಿಲ್ಲ, ಮುರಿದರೆ ಜೀವ ಹೋಗುತ್ತೆ ಅಂದಾಗ ಈ ಸಂಖ್ಯೆಯನ್ನು ದೊಡ್ಡದಾಗಿ ಇಡುತ್ತೇವೆ.

ಈಗ ಒಂದು ಮಜಾ ನೋಡಿ. ವಿಮಾನ ಬಿದ್ದರೆ ಆಗುವ ಅನಾಹುತ ಸಣ್ಣದಲ್ಲ. ಆದರೂ ಪ್ರಯಾಣಿಕ ವಿಮಾನದ ರಚನೆಗೆ ಸಾಮಾನ್ಯವಾಗಿ ಬಳಸುವ ಸೇಫ್ಟಿ ಫ್ಯಾಕ್ಟರ್ ಬರೀ 1.5. ಲಿಫ್ಟಿನ ಹಗ್ಗಕ್ಕೆ ಇಡೋದು ಇದರ ಹಲವು ಪಟ್ಟು. ವಿಮಾನ ಮಾಡುವವರಿಗೆ ಪ್ರಾಣದ ಬೆಲೆ ಗೊತ್ತಿಲ್ಲ ಅಂತಲ್ಲ. ತೂಕ ಜಾಸ್ತಿಯಾದರೆ ವಿಮಾನ ಹಾರೋದೇ ಇಲ್ಲ. ಅದಕ್ಕೇ ಅವರು ಬೇರೆ ದಾರಿ ಹಿಡಿಯುತ್ತಾರೆ: ವಸ್ತುವನ್ನು ಪರೀಕ್ಷೆ ಮಾಡುತ್ತಾರೆ, ರೆಕ್ಕೆಯನ್ನು ಲ್ಯಾಬಿನಲ್ಲಿ ಬಗ್ಗಿಸಿ ನೋಡುತ್ತಾರೆ, ಗಂಟೆಗಳ ಲೆಕ್ಕ ಇಟ್ಟು ತಪಾಸಣೆ ಮಾಡುತ್ತಾರೆ, ಒಂದು ವ್ಯವಸ್ಥೆ ಕೆಟ್ಟರೆ ಇನ್ನೊಂದು ಇರುವಂತೆ ನೋಡಿಕೊಳ್ಳುತ್ತಾರೆ. ದಪ್ಪ ಲೋಹದ ಬದಲು ಎಚ್ಚರ ಮತ್ತು ಆಸರೆ.

ಅಪ್ಪ-ಅಮ್ಮನ ‘ಬೇಡ’ ಅನ್ನೋದೂ ಒಂದು ಸೇಫ್ಟಿ ಫ್ಯಾಕ್ಟರ್. ಅನುಭವ ಅವರಿಗೆ ಹೊರಗಿನ ಲೋಡ್ ಎಷ್ಟಿದೆ ಅಂತ ಹೇಳುತ್ತೆ. ಆದರೆ ಮಗುವಿನ ಸಾಮರ್ಥ್ಯ ಎಷ್ಟು ಅಂತ ಅದು ಹೇಳಲ್ಲ. ಅದನ್ನು ತಿಳಿಯೋಕೆ ಪರೀಕ್ಷೆ, ತರಬೇತಿ, ಮಾತು, ಜೊತೆಗಾರರು ಬೇಕು. ಅದನ್ನೇ ನಾವಿಲ್ಲಿ ಬೆಂಬಲ ಅಂತ ಕರೆಯುತ್ತಿದ್ದೇವೆ. ಬೆಂಬಲ ಇಲ್ಲದಿದ್ದಾಗ ಹೆತ್ತವರ ಕೈಯಲ್ಲಿ ಉಳಿಯೋದು ಒಂದೇ ಉಪಾಯ: ಫ್ಯಾಕ್ಟರನ್ನು ಏರಿಸುತ್ತಾ ಹೋಗೋದು. ಏರಿಸಿ ಏರಿಸಿ ಕೊನೆಗೆ ಮಗು ನೆಲ ಬಿಟ್ಟು ಏಳೋದೇ ಇಲ್ಲ.

ಬೆಂಬಲದ ಬೆಲೆ ನಮಗೆ ಹೊಸದೇನಲ್ಲ. ಅಭಿಮನ್ಯುವಿನ ಕಥೆ ಗೊತ್ತಲ್ಲ? ಹುಡುಗನಿಗೆ ಧೈರ್ಯಕ್ಕೇನೂ ಕಮ್ಮಿ ಇರಲಿಲ್ಲ. ಚಕ್ರವ್ಯೂಹದ ಒಳಗೆ ಹೋಗೋದು ಗೊತ್ತಿತ್ತು, ಹೊರಗೆ ಬರೋದು ಗೊತ್ತಿರಲಿಲ್ಲ. ನೀನು ದಾರಿ ಮಾಡು, ಹಿಂದೆಯೇ ನಾವು ಬರುತ್ತೇವೆ ಅಂದಿದ್ದ ದೊಡ್ಡಪ್ಪ, ಚಿಕ್ಕಪ್ಪಂದಿರನ್ನು ಸೈಂಧವ ಬಾಗಿಲಲ್ಲೇ ತಡೆದು ನಿಲ್ಲಿಸಿದ. ಇಡೀ ಪ್ಲಾನ್ ನಿಂತಿದ್ದು ಒಂದೇ ಆಸರೆಯ ಮೇಲೆ, ಅದು ತಪ್ಪಿತು. ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದರೆ ಸಿಂಗಲ್ ಪಾಯಿಂಟ್ ಆಫ್ ಫೈಲ್ಯೂರ್.

ಹ್ಯಾಂಕ್ ಪಿಮ್: ಬಾಯಿ ಸುಟ್ಟುಕೊಂಡ ಬೆಕ್ಕು

ಮೊದಲು ಅನುಭವ ಮಾತ್ರ ಇದ್ದು ಬೆಂಬಲ ಇಲ್ಲದ ಕೇಸ್ ನೋಡೋಣ. 2015ರ ‘ಆ್ಯಂಟ್-ಮ್ಯಾನ್’ ಸಿನಿಮಾದಲ್ಲಿ ಹ್ಯಾಂಕ್ ಪಿಮ್‌ಗೆ ಒಂದು ಕಳ್ಳತನ ಮಾಡಿಸಬೇಕಿದೆ. ಕುಗ್ಗುವ ಸೂಟ್ ಹಾಕಿಕೊಂಡು ಹೋಗಬೇಕು. ಅವನ ಮಗಳು ಹೋಪ್‌ಗೆ ಆ ಕಂಪನಿಯ ಒಳಹೊರಗು ಗೊತ್ತು, ಹೊಡೆದಾಟ ಗೊತ್ತು, ಇರುವೆಗಳನ್ನು ನಿಯಂತ್ರಿಸೋದೂ ಗೊತ್ತು. ಆದರೆ ಹ್ಯಾಂಕ್ ಆರಿಸೋದು ಆಗತಾನೇ ಜೈಲಿನಿಂದ ಹೊರಬಂದ ಸ್ಕಾಟ್ ಲ್ಯಾಂಗ್‌ನನ್ನು! ಮಜಾ ಅಂದ್ರೆ ಆ ಸ್ಕಾಟ್‌ಗೆ ಗುದ್ದೋದು ಹೇಗೆ ಅಂತ ಕಲಿಸುವವಳೂ ಹೋಪೇ. ನನಗಿಂತ ಇವನು ಹೇಗೆ ಮೇಲು ಅಂತ ಅವಳಿಗೆ ಉರಿಯುತ್ತೆ. ಕೊನೆಗೆ ಕಾರಣ ಬಿಡಿಸಿ ಹೇಳೋದು ಸ್ಕಾಟ್: ನಾನು ಹೋದರೆ ನಿಮ್ಮಪ್ಪನಿಗೆ ನಷ್ಟ ಇಲ್ಲ, ನೀನು ಹೋದರೆ ಅವನು ಬದುಕಲ್ಲ.

ಹ್ಯಾಂಕ್‌ನ ಭಯದ ಹಿಂದೆ 1987ರ ಒಂದು ಘಟನೆ ಇದೆ. ಕ್ಷಿಪಣಿಯೊಂದನ್ನು ನಿಲ್ಲಿಸಲು ಅವನ ಹೆಂಡತಿ ಜಾನೆಟ್ ಅಣುಗಳ ನಡುವೆ ನುಸುಳುವಷ್ಟು ಕುಗ್ಗಿದಳು, ಕ್ವಾಂಟಮ್ ಲೋಕದಲ್ಲಿ ಕಳೆದುಹೋದಳು. ಮಗಳಿಗೆ ಹ್ಯಾಂಕ್ ಹೇಳಿದ್ದು ಅಮ್ಮ ವಿಮಾನ ಅಪಘಾತದಲ್ಲಿ ಸತ್ತಳು ಅಂತ. ನಿಜ ಹೇಳಲಿಲ್ಲ, ತನ್ನ ದುಃಖವನ್ನು ಯಾರ ಜೊತೆಗೂ ಹಂಚಿಕೊಳ್ಳಲಿಲ್ಲ, ಮಗಳನ್ನು ಬೋರ್ಡಿಂಗ್ ಸ್ಕೂಲಿಗೆ ಕಳಿಸಿದ. ಅಂದರೆ ಅವನ ಅನುಭವಕ್ಕೆ ಜೊತೆಗಾರರೇ ಇರಲಿಲ್ಲ. ತೆನಾಲಿ ರಾಮಕೃಷ್ಣನ ಬೆಕ್ಕು ಒಮ್ಮೆ ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡು, ಆಮೇಲೆ ಹಾಲು ಕಂಡರೇ ಓಡುತ್ತಿತ್ತಲ್ಲ, ಹ್ಯಾಂಕ್‌ನ ಸ್ಥಿತಿ ಅದೇ. ಹಾಲು ಈಗ ತಣ್ಣಗಿದೆಯಾ ಅಂತ ಮುಟ್ಟಿ ನೋಡೋ ತಾಳ್ಮೆ ಆ ಬೆಕ್ಕಿಗೂ ಇಲ್ಲ, ಇವನಿಗೂ ಇಲ್ಲ.

ಬದಲಾವಣೆ ಬರೋದು ಅವನು ಬಾಯಿಬಿಟ್ಟು ಸತ್ಯ ಹೇಳಿದ ಮೇಲೆ. ಅಲ್ಲಿಂದ ಅಪ್ಪ-ಮಗಳು ಒಂದೇ ದುಃಖವನ್ನು ಇಬ್ಬರಾಗಿ ಹೊರುತ್ತಾರೆ. ಸಿನಿಮಾ ಮುಗಿದ ಮೇಲೆ ಬರುವ ಪುಟ್ಟ ದೃಶ್ಯದಲ್ಲಿ ಹ್ಯಾಂಕ್ ತಾನೂ ಜಾನೆಟ್ಟೂ ಸೇರಿ ಮಾಡುತ್ತಿದ್ದ ಹೊಸ ವಾಸ್ಪ್ ಸೂಟನ್ನು ಹೋಪ್‌ಗೆ ತೋರಿಸುತ್ತಾನೆ. 1987ರ ಘಟನೆ ಒಂಚೂರೂ ಬದಲಾಗಿಲ್ಲ. ಬದಲಾಗಿದ್ದು ಅದರ ಜೊತೆ ಅವನು ಒಬ್ಬನೇ ಇಲ್ಲ ಅನ್ನೋದು.

ಇದೇ ಕುಟುಂಬ 2023ರ ‘ಕ್ವಾಂಟಮೇನಿಯಾ’ದಲ್ಲಿ ಮತ್ತೆ ಅದೇ ಗುಂಡಿಗೆ ಬೀಳುತ್ತೆ, ಈ ಸಲ ಜಾನೆಟ್ ಕಡೆಯಿಂದ. ಮೂವತ್ತು ವರ್ಷ ಅಲ್ಲಿ ಏನಾಯಿತು, ಯಾರಿದ್ದರು ಅಂತ ಅವಳು ಮನೆಯಲ್ಲಿ ಹೇಳಿರೋದಿಲ್ಲ. ಏನೂ ಗೊತ್ತಿಲ್ಲದ ಕ್ಯಾಸಿ, ಅಂದರೆ ಸ್ಕಾಟ್‌ನ ಮಗಳು, ಆ ಲೋಕಕ್ಕೆ ಸಿಗ್ನಲ್ ಕಳಿಸುವ ಯಂತ್ರ ಕಟ್ಟುತ್ತಾಳೆ. ಎಲ್ಲರೂ ಒಳಗೆ ಸೆಳೆಯಲ್ಪಡುತ್ತಾರೆ. ಮಕ್ಕಳು ಹೆದರಬಾರದು ಅಂತ ಮುಚ್ಚಿಟ್ಟ ವಿಷಯವೇ ಮಕ್ಕಳನ್ನು ಅಪಾಯದ ಮಧ್ಯೆ ತಂದು ನಿಲ್ಲಿಸುತ್ತೆ. ಅನುಭವ ಹೇಳಿಕೊಂಡರೆ ಪಾಠ, ಮುಚ್ಚಿಟ್ಟರೆ ಬರೀ ನಿಷೇಧ.

ಹೆಲನ್ ಪಾರ್: ಒಂದೇ ಸಿನಿಮಾದಲ್ಲಿ ಇಬ್ಬರು ಅಮ್ಮಂದಿರು

2004ರ ‘ದಿ ಇನ್‌ಕ್ರೆಡಿಬಲ್ಸ್’ ಸಿನಿಮಾವನ್ನು ನಾವು ಚಿಕ್ಕವರಿದ್ದಾಗ ನೋಡಿ ನಕ್ಕಿದ್ದೇವೆ. ಈಗ ಹೆಲನ್ ಪಾರ್ ಮೇಲೆ ಕಣ್ಣಿಟ್ಟು ಇನ್ನೊಂದು ಸಲ ನೋಡಿ. ಸರ್ಕಾರ ಸೂಪರ್‌ಹೀರೋಗಳನ್ನು ನಿಷೇಧಿಸಿದೆ. ಸಿಕ್ಕಿಬಿದ್ದರೆ ಮನೆ, ಊರು, ಹೆಸರು ಬಿಟ್ಟು ಓಡಬೇಕು. ಮೊದಲರ್ಧದಲ್ಲಿ ಹೆಲನ್‌ಳ ನಿಯಮ ಒಂದೇ: ಶಕ್ತಿ ಬಳಸಬೇಡಿ. ಡ್ಯಾಶ್‌ಗೆ ಓಟದ ಸ್ಪರ್ಧೆ ಬೇಡ. ವಯಲೆಟ್ ಅಂತೂ ಕೂದಲ ಹಿಂದೆ ಮುಖ ಮುಚ್ಚಿಕೊಂಡೇ ಇರುತ್ತಾಳೆ.

ಆಮೇಲೆ ವಿಮಾನದ ದೃಶ್ಯ. ಕ್ಷಿಪಣಿಗಳು ಬೆನ್ನಟ್ಟಿವೆ. ಹೆಲನ್ ಮಗಳಿಗೆ ಕೂಗಿ ಹೇಳುತ್ತಾಳೆ, ವಿಮಾನದ ಸುತ್ತ ರಕ್ಷಾಕವಚ ಹಾಕು ಅಂತ. ವಯಲೆಟ್ ಪ್ರಯತ್ನಿಸುತ್ತಾಳೆ, ಆಗಲ್ಲ. ಹೇಗಾಗುತ್ತೆ ಹೇಳಿ? ಅಷ್ಟು ದೊಡ್ಡ ಕವಚವನ್ನು ಅವಳು ಜನ್ಮದಲ್ಲಿ ಮಾಡಿಲ್ಲ. ಮಾಡೋಕೆ ಮನೆಯಲ್ಲಿ ಬಿಟ್ಟಿದ್ದರೆ ತಾನೇ? ವರ್ಷಗಟ್ಟಲೆ ಲ್ಯಾಬಿಗೆ ಬೀಗ ಹಾಕಿ, ಎಕ್ಸಾಮ್ ದಿನ ಪ್ರಯೋಗ ಮಾಡಿ ತೋರಿಸು ಅಂದ ಹಾಗೆ. ವಿಮಾನ ಸಿಡಿಯುತ್ತೆ. ಹೆಲನ್ ತನ್ನ ದೇಹವನ್ನೇ ಹಿಗ್ಗಿಸಿ ಮಕ್ಕಳನ್ನು ಉಳಿಸುತ್ತಾಳೆ.

ಮುಂದಿನ ಗುಹೆಯ ದೃಶ್ಯದಲ್ಲಿ ಎರಡನೇ ಅಮ್ಮ ಕಾಣಿಸುತ್ತಾಳೆ. ತನ್ನಿಂದ ಆಗಲಿಲ್ಲ ಅಂತ ಕುಗ್ಗಿದ ಮಗಳಿಗೆ ಹೆಲನ್ ಬೈಯೋದಿಲ್ಲ. ನಿನ್ನಿಂದ ಅಷ್ಟನ್ನು ಏಕಾಏಕಿ ಕೇಳಿದ್ದು ಸರಿಯಲ್ಲ ಅಂತಾಳೆ. ಇಲ್ಲಿನ ಕೆಟ್ಟವರು ಟಿವಿ ಕಾರ್ಟೂನಿನವರ ಥರ ಅಲ್ಲ, ಮಕ್ಕಳು ಅಂತ ನೋಡಲ್ಲ, ಕೊಲ್ಲುತ್ತಾರೆ ಅಂತ ನೇರವಾಗಿ ಹೇಳುತ್ತಾಳೆ. ಮುಖವಾಡ ಕೊಡುತ್ತಾಳೆ. ಅಪಾಯ ಬಂದರೆ ಶಕ್ತಿ ಬಳಸಿ ಅಂತ ಅನುಮತಿ ಕೊಡುತ್ತಾಳೆ. ಗಮನಿಸಿ, ಈಗಿನ ಅಪಾಯ ಶಾಲೆಯ ಓಟದ ಸ್ಪರ್ಧೆಗಿಂತ ಸಾವಿರ ಪಟ್ಟು ದೊಡ್ಡದು. ಆದರೂ ಅವಳ ಹಿಡಿತ ಸಡಿಲವಾಗಿದೆ. ಯಾಕೆ?

ಒಂದು, ಬೇರೆ ದಾರಿ ಇಲ್ಲ. ನಿಜ. ಆದರೆ ಅಷ್ಟೇ ಅಲ್ಲ. ಈ ಹೊತ್ತಿಗೆ ಈಡ್ನಾ ಮೋಡ್ ಯಾರೂ ಕೇಳದಿದ್ದರೂ ಇಡೀ ಕುಟುಂಬಕ್ಕೆ ಸೂಟ್ ಹೊಲಿದಿದ್ದಾಳೆ. ವಯಲೆಟ್ ಮಾಯವಾದರೆ ಸೂಟೂ ಮಾಯ. ಡ್ಯಾಶ್‌ನದು ಎಷ್ಟು ವೇಗದಲ್ಲಿ ಓಡಿದರೂ ಘರ್ಷಣೆಗೆ ಸವೆಯಲ್ಲ. ಕೇಪ್ ಮಾತ್ರ ಯಾರಿಗೂ ಇಲ್ಲ, ಯಾಕಂದರೆ ಕೇಪ್ ಸಿಕ್ಕಿಹಾಕಿಕೊಂಡು ಸತ್ತ ಹೀರೋಗಳ ಪಟ್ಟಿ ಈಡ್ನಾಳ ನಾಲಿಗೆ ತುದಿಯಲ್ಲಿದೆ. ಅದೇ ನೋಡಿ ಅನುಭವವನ್ನು ಬಳಸುವ ರೀತಿ. ಇಷ್ಟು ಜನ ಸತ್ತರು, ಅದಕ್ಕೆ ಹೀರೋ ಆಗಬೇಡಿ ಅಂತ ಅವಳು ಹೇಳಲಿಲ್ಲ. ಇಷ್ಟು ಜನ ಸತ್ತರು, ಅದಕ್ಕೆ ಕೇಪ್ ತೆಗೀರಿ ಅಂದಳು. ವಿನ್ಯಾಸ ಬದಲಾಯಿತು, ಕನಸು ಉಳಿಯಿತು.

ಬಾಬ್ ಕಥೆಯೂ ಇದೇ. ಕೊನೆಯ ಹೊಡೆದಾಟದ ಮೊದಲು ನೀವೆಲ್ಲ ಇಲ್ಲೇ ಇರಿ, ನಾನೊಬ್ಬನೇ ಹೋಗುತ್ತೇನೆ ಅಂತಾನೆ. ಕುಟುಂಬ ಸತ್ತೇಹೋಯಿತು ಅಂತ ನಂಬಿ ಕೆಲವು ಗಂಟೆ ನರಕ ಕಂಡವನು. ಇನ್ನೊಮ್ಮೆ ಕಳೆದುಕೊಳ್ಳುವಷ್ಟು ಗಟ್ಟಿ ನಾನಲ್ಲ ಅನ್ನೋದು ಅವನ ಮಾತಿನ ಅರ್ಥ. ಅದಕ್ಕೆ ಹೆಲನ್ ಧೈರ್ಯ ತಂದುಕೋ ಅಂತ ಭಾಷಣ ಮಾಡಲ್ಲ. ಒಟ್ಟಿಗೆ ಇದ್ದರೆ ಅಷ್ಟು ಗಟ್ಟಿಯಾಗೋ ಅಗತ್ಯವೇ ಬರಲ್ಲ ಅಂತಾಳೆ. ಲೋಡ್ ಅಷ್ಟೇ ಇದೆ, ಕಂಬಗಳು ಜಾಸ್ತಿಯಾದವು.

ಬ್ಯಾಟ್‌ಮ್ಯಾನ್: ಕಳೆದುಕೊಂಡ ಮೇಲೆ ಕಲಿತದ್ದು

ಬ್ರೂಸ್ ವೇಯ್ನ್ ಮೊದಲ ರಾಬಿನ್ ಡಿಕ್ ಗ್ರೇಸನ್‌ನನ್ನು ಕರೆದುಕೊಂಡದ್ದು 1940ರಲ್ಲಿ. ಹುಡುಗ ಬೆಳೆದು ನೈಟ್‌ವಿಂಗ್ ಆದ. ಎರಡನೆಯವನು ಜೇಸನ್ ಟಾಡ್. 1988ರಲ್ಲಿ ಡಿಸಿ ಕಂಪನಿ ಜೇಸನ್ ಬದುಕಬೇಕಾ ಸಾಯಬೇಕಾ ಅಂತ ಓದುಗರಿಗೇ ಫೋನ್ ಮಾಡಿ ಹೇಳಲು ಬಿಟ್ಟಿತು. ಸಾಯಲಿ ಅಂದವರು 5,343, ಬದುಕಲಿ ಅಂದವರು 5,271. ಬರೀ 72 ಕರೆಗಳ ವ್ಯತ್ಯಾಸ! ಕಥೆಯಲ್ಲಿ ಜೋಕರ್ ಕೈಯಲ್ಲಿ ಜೇಸನ್ ಸತ್ತ.

ಇಲ್ಲಿಂದ ಮುಂದೆ ಬ್ರೂಸ್‌ನ ವರ್ತನೆ ನೋಡಿ. ಮೊದಲು ಅವನು ಎಲ್ಲರನ್ನೂ ದೂರ ಮಾಡುತ್ತಾನೆ, ತನ್ನ ಜೀವದ ಮೇಲೂ ಕಾಳಜಿ ಇಲ್ಲದೆ ಹೊಡೆದಾಡುತ್ತಾನೆ. ಇನ್ನು ರಾಬಿನ್ ಅನ್ನೋನೇ ಬೇಡ ಅನ್ನೋ ನಿಲುವು. 1989ರಲ್ಲಿ ಟಿಮ್ ಡ್ರೇಕ್ ಅನ್ನೋ ಹುಡುಗ ಬರುತ್ತಾನೆ. ಡಿಕ್ ಸರ್ಕಸ್ಸಿನಲ್ಲಿ ಹಾಕುತ್ತಿದ್ದ ವಿಶೇಷ ಲಾಗವನ್ನು ರಾಬಿನ್‌ನಲ್ಲೂ ಗುರುತಿಸಿ, ಬ್ಯಾಟ್‌ಮ್ಯಾನ್ ಯಾರು ಅಂತ ಸ್ವಂತ ಬುದ್ಧಿಯಿಂದ ಕಂಡುಹಿಡಿದವನು. ಅವನ ವಾದ ‘ನಾನು ಹೀರೋ ಆಗಬೇಕು’ ಅಂತಲ್ಲ, ‘ಬ್ಯಾಟ್‌ಮ್ಯಾನ್‌ಗೆ ಒಬ್ಬ ರಾಬಿನ್ ಬೇಕು’ ಅಂತ. ಅಂದರೆ ಬೆಂಬಲ ಬೇಕಾಗಿರೋದು ಮಕ್ಕಳಿಗೆ ಮಾತ್ರ ಅಲ್ಲ, ದೊಡ್ಡವರಿಗೂ.

ಬ್ರೂಸ್ ಕೊನೆಗೆ ಒಪ್ಪುತ್ತಾನೆ, ಆದರೆ ತಕ್ಷಣ ಬೀದಿಗೆ ಇಳಿಸಲ್ಲ. ತಿಂಗಳುಗಟ್ಟಲೆ ತರಬೇತಿ. ಆಲ್ಫ್ರೆಡ್ ಇದ್ದಾನೆ, ಡಿಕ್ ಇದ್ದಾನೆ. ಸೂಟ್ ಕೂಡ ಹೊಸದು. ಹಳೇ ರಾಬಿನ್‌ಗಳು ಗುಂಡಿನ ಮಳೆಯಲ್ಲಿ ಬರಿಗಾಲಿನ ಚಡ್ಡಿಯಲ್ಲಿ ಓಡಾಡಿದ್ದರು. ಟಿಮ್‌ಗೆ ಮೈತುಂಬ ಮುಚ್ಚುವ ಸೂಟ್ ಸಿಕ್ಕಿತು. ಜೇಸನ್ ಸಾವು ಬ್ರೂಸ್‌ನನ್ನು ಮೊದಲು ಮುಚ್ಚಿದ ಬಾಗಿಲನ್ನಾಗಿ ಮಾಡಿತು, ಸುತ್ತ ಜನ ಸೇರಿದ ಮೇಲೆ ಅದೇ ಸಾವು ಒಂದು ಪಠ್ಯಕ್ರಮ ಆಯಿತು. ಅನುಭವ ಒಂದೇ. ಅದು ಭಯವಾಗುತ್ತೋ ತರಬೇತಿಯಾಗುತ್ತೋ ಅನ್ನೋದನ್ನು ಬೆಂಬಲ ನಿರ್ಧರಿಸಿತು.

ಟೋನಿ ಸ್ಟಾರ್ಕ್: ಸೂಟ್ ಕೊಟ್ಟ, ಫೋನ್ ಎತ್ತಲಿಲ್ಲ

ಹಾಗಾದರೆ ಒಳ್ಳೇ ಗ್ಯಾಜೆಟ್ ಕೊಟ್ಟರೆ ಬೆಂಬಲ ಆಯಿತಾ? ಎಂಜಿನಿಯರ್‌ಗಳಾದ ನಮಗೆ ಹಾಗೆ ಅನ್ನಿಸೋದು ಸಹಜ. ಅದಕ್ಕೆ 2017ರ ‘ಸ್ಪೈಡರ್-ಮ್ಯಾನ್: ಹೋಮ್‌ಕಮಿಂಗ್’ ಉತ್ತರ ಕೊಡುತ್ತೆ. ಟೋನಿ ಪೀಟರ್‌ನ ಅಪ್ಪ ಅಲ್ಲ, ಆದರೆ ಆ ಜಾಗದಲ್ಲಿ ನಿಂತವನು. ಕೋಟಿಗಟ್ಟಲೆ ಬೆಲೆಯ ಸೂಟ್ ಕೊಟ್ಟಿದ್ದಾನೆ. ಅದರೊಳಗೆ ಟ್ರ್ಯಾಕರ್ ಇದೆ, ಮುಖ್ಯ ಸೌಲಭ್ಯಗಳನ್ನೆಲ್ಲ ಲಾಕ್ ಮಾಡುವ ‘ಟ್ರೇನಿಂಗ್ ವೀಲ್ಸ್’ ಪ್ರೋಟೋಕಾಲ್ ಇದೆ. ಪಕ್ಕಾ ಹಾರ್ಡ್‌ವೇರ್.

ಇಲ್ಲದ್ದು ಒಂದೇ, ಮಾತು. ಪೀಟರ್ ಕಳಿಸಿದ ಮೆಸೇಜುಗಳಿಗೆ ಹ್ಯಾಪಿ ಉತ್ತರ ಕೊಡಲ್ಲ. ಆಯುಧ ಮಾರುವ ಗ್ಯಾಂಗ್ ಬಗ್ಗೆ ಹುಡುಗ ಕೊಟ್ಟ ಸುಳಿವನ್ನು ಟೋನಿ ಗಂಭೀರವಾಗಿಯೇ ತೆಗೆದುಕೊಂಡು ಎಫ್‌ಬಿಐಗೆ ಹೇಳಿರುತ್ತಾನೆ, ಆದರೆ ಪೀಟರ್‌ಗೆ ಹೇಳಿರಲ್ಲ. ಯಾರೂ ಕೇಳ್ತಿಲ್ಲ ಅಂದುಕೊಂಡ ಹುಡುಗ ಏನು ಮಾಡುತ್ತಾನೆ? ಗೆಳೆಯ ನೆಡ್ ಜೊತೆ ಸೇರಿ ಟ್ರ್ಯಾಕರ್ ಕಿತ್ತು, ಲಾಕ್ ಮುರಿದು, ಒಬ್ಬನೇ ಹೋಗುತ್ತಾನೆ. ದೋಣಿ ಎರಡು ಹೋಳಾಗುತ್ತೆ, ಐರನ್ ಮ್ಯಾನ್ ಬಂದು ಜೋಡಿಸಬೇಕಾಗುತ್ತೆ. ಸೂಟ್ ವಾಪಸ್.

ಫೀಡ್‌ಬ್ಯಾಕ್ ಲೂಪ್ ಓದಿದವರಿಗೆ ಇದು ತಕ್ಷಣ ಅರ್ಥವಾಗುತ್ತೆ. ಸೆನ್ಸರ್ ಇದೆ, ಡೇಟಾ ಒಂದು ಕಡೆ ಹೋಗುತ್ತಿದೆ, ವಾಪಸ್ ಏನೂ ಬರುತ್ತಿಲ್ಲ. ನಿಗಾ ಬೇರೆ, ಬೆಂಬಲ ಬೇರೆ. ನಿಗಾ ಇಟ್ಟರೆ ಮಗು ಎಲ್ಲಿದೆ ಅಂತ ದೊಡ್ಡವರಿಗೆ ಗೊತ್ತಾಗುತ್ತೆ. ಬೆಂಬಲ ಇದ್ದರೆ ದೊಡ್ಡವರು ಎಲ್ಲಿದ್ದಾರೆ ಅಂತ ಮಗುವಿಗೆ ಗೊತ್ತಿರುತ್ತೆ.

ಎಂಡೆವರ್: ‘ನಿಲ್ಲಿಸು’ ಅಂದರೆ ಸಾಕಾ?

‘ಮೈ ಹೀರೋ ಅಕಾಡೆಮಿಯಾ’ ನೋಡುವವರು ಹಾಸ್ಟೆಲ್ಲಿನಲ್ಲಿ ಬೇಕಾದಷ್ಟಿದ್ದೀರಿ. ಅದರಲ್ಲಿ ಎಂಡೆವರ್ ಒಳ್ಳೇ ಅಪ್ಪ ಅಂತ ಯಾರೂ ಹೇಳಲ್ಲ. ಆಲ್ ಮೈಟ್‌ನನ್ನು ಮೀರಿಸುವ ಹಟಕ್ಕೆ ಮಕ್ಕಳನ್ನು ಸಾಧನ ಮಾಡಿಕೊಂಡವನು. ಆದರೆ ದೊಡ್ಡಮಗ ತೋಯಾ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ತೋಯಾನ ಬೆಂಕಿ ಅಪ್ಪನಿಗಿಂತ ತೀವ್ರ, ಆದರೆ ದೇಹ ತಣ್ಣನೆಯ ಶಕ್ತಿಯ ಅಮ್ಮನದು. ಬೆಂಕಿ ಹಚ್ಚಿದರೆ ಅವನೇ ಸುಡುತ್ತಾನೆ. ಇದು ತಿಳಿದ ಮೇಲೆ ಎಂಡೆವರ್ ತರಬೇತಿ ನಿಲ್ಲಿಸಿದ. ಆ ನಿರ್ಧಾರವನ್ನಷ್ಟೇ ಬಿಡಿಸಿ ನೋಡಿದರೆ ಅದು ಸರಿಯೇ. ಯಾವ ಅಪ್ಪನೂ ಹಾಗೇ ಮಾಡಬೇಕು.

ಆದರೆ ‘ಬೇಡ’ ಅಂದವನು ‘ಹಾಗಾದರೆ ಏನು?’ ಅನ್ನೋ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಬೇರೆ ಏನಾದರೂ ನೋಡು ಅಂದ, ತಾನು ಜೊತೆಗೆ ನಿಂತು ನೋಡಲಿಲ್ಲ. ಮುಂದಿನ ಮಕ್ಕಳತ್ತ, ಕೊನೆಗೆ ಶೋಟೋ ಕಡೆ ಮುಖ ತಿರುಗಿಸಿದ. ತೋಯಾ ಕದ್ದು ಅಭ್ಯಾಸ ಮುಂದುವರಿಸಿದ. ಬೆಟ್ಟಕ್ಕೆ ಬಂದು ನನ್ನನ್ನು ನೋಡು ಅಂತ ಅಪ್ಪನನ್ನು ಕರೆದ. ಅಪ್ಪ ಹೋಗಲಿಲ್ಲ. ಬೆಟ್ಟ ಹೊತ್ತಿಕೊಂಡಿತು. ಸತ್ತ ಅಂದುಕೊಂಡ ಆ ಮಗ ವರ್ಷಗಳ ನಂತರ ದಾಬಿ ಅನ್ನೋ ಖಳನಾಗಿ ವಾಪಸ್ ಬಂದ.

ನಿಷೇಧ ಅಪಾಯವನ್ನು ಅಳಿಸಲಿಲ್ಲ. ಅಪ್ಪನ ಕಣ್ಣಿಗೆ ಬೀಳದ ಜಾಗಕ್ಕೆ ಸಾಗಿಸಿತು, ಅಷ್ಟೇ. ಪೀಟರ್ ಟ್ರ್ಯಾಕರ್ ಕಿತ್ತದ್ದು, ತೋಯಾ ಬೆಟ್ಟ ಹತ್ತಿದ್ದು, ಎರಡರ ಲೆಕ್ಕವೂ ಒಂದೇ: ಬೆಂಬಲ ಇಲ್ಲದ ‘ಬೇಡ’ ಮಕ್ಕಳನ್ನು ತಡೆಯಲ್ಲ, ಒಂಟಿ ಮಾಡುತ್ತೆ.

ಪೀಟರ್ ಅಪ್ಪನಾದಾಗ

1998ರ ಒಂದು ಕಾಮಿಕ್‌ನಲ್ಲಿ ಟಾಮ್ ಡಿಫಾಲ್ಕೊ ಮತ್ತು ರಾನ್ ಫ್ರೆಂಜ್ ಒಂದು ಪ್ರಶ್ನೆ ಕೇಳಿದರು: ಸ್ಪೈಡರ್-ಮ್ಯಾನ್‌ಗೆ ಹದಿಹರೆಯದ ಮಗಳಿದ್ದರೆ? ಆ ಲೋಕದಲ್ಲಿ ಪೀಟರ್ ಗ್ರೀನ್ ಗಾಬ್ಲಿನ್ ಜೊತೆಗಿನ ಕೊನೆಯ ಕಾಳಗದಲ್ಲಿ ಒಂದು ಕಾಲು ಕಳೆದುಕೊಂಡು, ಹೀರೋ ಕೆಲಸ ಬಿಟ್ಟು, ಪೊಲೀಸ್ ಇಲಾಖೆಯಲ್ಲಿ ವಿಧಿವಿಜ್ಞಾನಿಯಾಗಿದ್ದಾನೆ. ಮಗಳು ಮೇ, ಮನೆಯಲ್ಲಿ ಕರೆಯೋ ಹೆಸರು ಮೇಡೇ, ಬಾಸ್ಕೆಟ್‌ಬಾಲ್ ಆಡುವ ಹುಡುಗಿ. ಅವಳಿಗೆ ಶಕ್ತಿ ಬಂದಾಗ ಪೀಟರ್ ಮತ್ತು ಮೇರಿ ಜೇನ್ ಇಬ್ಬರಿಗೂ ಮಡಿಲಲ್ಲಿ ಕೆಂಡ ಇಟ್ಟುಕೊಂಡ ಹಾಗಾಗುತ್ತೆ.

ತಮಾಷೆ ಅಂದ್ರೆ ಇದೇ ಪೀಟರ್ ಹುಡುಗನಾಗಿದ್ದಾಗ ಸ್ವಂತ ಚಿಕ್ಕಮ್ಮನಿಗೆ ಹೇಳದೆ ಕಿಟಕಿಯಿಂದ ಹಾರುತ್ತಿದ್ದವನು. ಅಂದು ಅವನಿಗೆ ಇದ್ದದ್ದು ಜೋಶ್, ಅನುಭವ ಸೊನ್ನೆ. ಈಗ ಪ್ರತಿ ಹೆಜ್ಜೆಗೂ ಕಾಲು ನೆನಪಿಸುವಷ್ಟು ಅನುಭವ. ಮೊದಲು ಬೇಡವೇ ಬೇಡ ಅನ್ನುವವನು ನಿಧಾನಕ್ಕೆ ಮಗಳಿಗೆ ಹೇಳಿಕೊಡುವ ಹಂತಕ್ಕೆ ಬರುತ್ತಾನೆ. ಅವಳು ಹೇಗಿದ್ದರೂ ಹೋಗುತ್ತಾಳೆ, ಹಾಗಿದ್ದ ಮೇಲೆ ನನಗೆ ಗೊತ್ತಿರೋದನ್ನು ಕಲಿತುಕೊಂಡೇ ಹೋಗಲಿ ಅನ್ನೋದು ಅವನ ಲೆಕ್ಕಾಚಾರ.

ಸೂಪರ್‌ಹೀರೋ ಅಲ್ಲದ ಅಮ್ಮ ಕೇಳಿದ್ದು

ಕೊನೆಯ ಉದಾಹರಣೆ ಮತ್ತೆ ‘ಮೈ ಹೀರೋ ಅಕಾಡೆಮಿಯಾ’ದ್ದು. ಇಲ್ಲಿ ಅಮ್ಮ ಸೂಪರ್‌ಹೀರೋ ಅಲ್ಲ. ಇಂಕೋ ಮಿಡೋರಿಯಾ ಸಾಧಾರಣ ಗೃಹಿಣಿ. ಮಗ ಇಝುಕು ಹೀರೋ ಶಾಲೆಗೆ ಸೇರಿ ಕೈಗಳನ್ನು ಪದೇಪದೇ ಮುರಿದುಕೊಳ್ಳುತ್ತಾನೆ. ತರಬೇತಿ ಶಿಬಿರದಿಂದಲೇ ಬಾಕುಗೋ ಅನ್ನೋ ವಿದ್ಯಾರ್ಥಿಯನ್ನು ಖಳರು ಅಪಹರಿಸುತ್ತಾರೆ. ಆಮೇಲೆ ಶಾಲೆಯವರು ಎಲ್ಲ ವಿದ್ಯಾರ್ಥಿಗಳನ್ನೂ ಹಾಸ್ಟೆಲ್ಲಿಗೆ ಹಾಕಲು ಅನುಮತಿ ಕೇಳುತ್ತಾ ಮನೆಮನೆಗೆ ಬರುತ್ತಾರೆ. ಇಂಕೋ ಆಗಲ್ಲ ಅಂತಾಳೆ. ಮಗನ ಕನಸಿಗೆ ಅವಳ ವಿರೋಧ ಇಲ್ಲ, ಅವನನ್ನು ಕಾಪಾಡಲಾಗದ ಶಾಲೆಗೆ ಅವಳ ವಿರೋಧ.

ಆಗ ದೇಶದ ನಂಬರ್ ಒನ್ ಹೀರೋ ಆಗಿದ್ದ ಆಲ್ ಮೈಟ್ ಆ ಸಣ್ಣ ಮನೆಯ ನೆಲದ ಮೇಲೆ ಮಂಡಿಯೂರಿ ತಲೆಬಾಗುತ್ತಾನೆ. ಏನೂ ಆಗಲ್ಲ, ಚಿಂತೆ ಬೇಡ ಅನ್ನಲ್ಲ. ಈವರೆಗೆ ತಮ್ಮಿಂದ ಕೊರತೆಯಾಗಿದೆ ಅಂತ ಒಪ್ಪುತ್ತಾನೆ, ತನ್ನ ಜೀವ ಒತ್ತೆಯಿಟ್ಟು ಮಗನನ್ನು ಬೆಳೆಸುತ್ತೇನೆ ಅಂತಾನೆ. ಇಂಕೋ ಉತ್ತರ ನಮಗೆ ಇಡೀ ಸರಣಿಯಲ್ಲೇ ತುಂಬ ಹಿಡಿಸಿದ ಮಾತು. ಜೀವ ಕೊಡೋದು ಬೇಡ, ಬದುಕಿರಿ. ಬದುಕಿದ್ದು ಅವನನ್ನು ಕಾಪಾಡಿ, ಬೆಳೆಸಿ ಅನ್ನೋದು ಅದರ ಸಾರ. ಅವಳು ಗ್ಯಾರಂಟಿ ಕೇಳಲಿಲ್ಲ. ಮಗನ ಪಕ್ಕದಲ್ಲಿ ಒಬ್ಬರು ಇರುತ್ತಾರಾ ಅಂತ ಕೇಳಿದಳು. ಇರುತ್ತಾರೆ ಅಂತ ಖಾತ್ರಿಯಾದ ಮೇಲೆ ‘ಹೂಂ’ ಅಂದಳು.

ಇದು ನಮಗೆ ಯಾಕೆ ಬೇಕು?

ನಮ್ಮ ಮನೆಯವರು ಹಾರಲ್ಲ, ಗೋಡೆ ಹತ್ತಲ್ಲ. ಆದರೆ ಟ್ರೆಕ್ ಬೇಡ, ಬೈಕಿನಲ್ಲಿ ಊರಿಗೆ ಬರಬೇಡ, ಅಷ್ಟು ದೂರದ ಇಂಟರ್ನ್‌ಶಿಪ್ ಬೇಡ, ಸ್ಟಾರ್ಟಪ್ ಬೇಡ ಅನ್ನೋ ಮಾತು ನಮಗೂ ಬರುತ್ತೆ. ನಾವು ಸಾಮಾನ್ಯವಾಗಿ ಕೊಡೋ ಉತ್ತರ ‘ನನ್ನ ಮೇಲೆ ನಂಬಿಕೆ ಇಲ್ವಾ?’ ಅಂತ. ಈ ಪ್ರಶ್ನೆ ಗುರಿ ತಪ್ಪಿದ್ದು. ಮೇಲಿನ ಕಥೆಗಳಲ್ಲಿ ಹ್ಯಾಂಕ್‌ಗೆ ಹೋಪ್ ಮೇಲೆ ನಂಬಿಕೆ ಇತ್ತು, ಬಾಬ್‌ಗೆ ಕುಟುಂಬದ ಮೇಲೆ ಇತ್ತು. ಅವರು ಹೆದರಿದ್ದು ತಾವು ಕಂಡ ಲೋಕಕ್ಕೆ.

ಅವರು ಕಂಡದ್ದನ್ನು ನಾವು ಬದಲಾಯಿಸೋಕೆ ಆಗಲ್ಲ. ಊರಿನ ಯಾರದೋ ಬೈಕ್ ಅಪಘಾತ, ಸಾಲ ಮಾಡಿ ಮುಳುಗಿದ ಅಂಗಡಿ, ನೀರಿಗಿಳಿದು ವಾಪಸ್ ಬರದ ಹುಡುಗ, ಇವೆಲ್ಲ ಅವರ ‘1987’. ಆದರೆ ಎರಡು ಕೆಲಸ ನಮ್ಮ ಕೈಯಲ್ಲಿದೆ. ಮೊದಲನೆಯದು, ‘ಬೇಡ’ದ ಹಿಂದೆ ಯಾವ ಘಟನೆ ಇದೆ ಅಂತ ಕೇಳೋದು. ಹೋಪ್‌ಗೆ ಆ ಉತ್ತರ ಸಿಗಲು ವರ್ಷಗಳೇ ಹಿಡಿದವು. ನಾವು ಒಂದು ಭಾನುವಾರ ಊಟ ಆದಮೇಲೆ ಕೇಳಬಹುದು. ಎರಡನೆಯದು, ಧೈರ್ಯದ ಬಗ್ಗೆ ವಾದ ಮಾಡೋ ಬದಲು ಬೆಂಬಲವನ್ನು ತೋರಿಸೋದು. ಯಾರ ಜೊತೆ ಹೋಗ್ತಿದ್ದೀವಿ, ದಾರಿ ಗೊತ್ತಿರೋರು ಯಾರು, ಫೋನ್ ಸಿಗದಿದ್ದರೆ ಯಾರಿಗೆ ಕರೆ ಮಾಡಬೇಕು, ಎಷ್ಟು ಹೊತ್ತಿಗೆ ವಾಪಸ್, ಕೆಲಸ ಕೈಕೊಟ್ಟರೆ ಎಷ್ಟು ತಿಂಗಳು ತಡೆಯಬಹುದು. ಇವು ವಿಮಾನದ ತಪಾಸಣಾ ಪಟ್ಟಿ ಇದ್ದ ಹಾಗೆ. ಪಟ್ಟಿ ಗಟ್ಟಿಯಾದಷ್ಟೂ ಫ್ಯಾಕ್ಟರ್ ಇಳಿಸೋಕೆ ಧೈರ್ಯ ಬರುತ್ತೆ.

ಎಲ್ಲ ಸಲ ‘ಹೂಂ’ ಸಿಗುತ್ತೆ ಅಂತ ನಾವು ಹೇಳ್ತಿಲ್ಲ. ಕೆಲವು ‘ಬೇಡ’ಗಳು ಸರಿಯಾಗಿಯೇ ಇರುತ್ತವೆ, ತೋಯಾಗೆ ಹೇಳಿದ ‘ಬೇಡ’ ಕೂಡ ಸರಿಯೇ ಇತ್ತು, ಅದರ ಪಕ್ಕದಲ್ಲಿ ಯಾರೂ ನಿಲ್ಲಲಿಲ್ಲ ಅನ್ನೋದು ತಪ್ಪು. ಹಾಗೇ ಕದ್ದು ಹೋಗೋದರ ನಿಜವಾದ ನಷ್ಟ ಸಿಕ್ಕಿಬೀಳೋದಲ್ಲ. ಏನಾದರೂ ಎಡವಟ್ಟಾದ ರಾತ್ರಿ ಮೊದಲು ಕರೆ ಮಾಡಬೇಕಾದ ನಂಬರಿಗೆ ಕರೆ ಮಾಡೋಕೆ ಹೆದರಿಕೆಯಾಗೋದು. ಆ ಒಂದು ನಂಬರು ತೆರೆದಿರೋ ಹಾಗೆ ನೋಡಿಕೊಳ್ಳೋಣ. ಮುಂದೆ ನಮ್ಮ ಜೂನಿಯರ್‌ಗಳೋ, ತಮ್ಮ-ತಂಗಿಯರೋ ನಮ್ಮ ಹತ್ತಿರ ಬಂದು ‘ಹೋಗ್ಲಾ?’ ಅಂತ ಕೇಳಿದಾಗ ಬರೀ ‘ಬೇಡ’ ಅನ್ನದೆ, ‘ಹೋಗೋದಾದ್ರೆ ಹೀಗೆ ಹೋಗು, ಏನೇ ಆದ್ರೂ ಫೋನ್ ಮಾಡು’ ಅನ್ನೋಣ.